ಟೊಂಕ ಕಟ್ಟಿದವರ ಟೊಂಕನೋವು

ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳದಂಥ ಕನ್ನಡದ ಊರುಗಳಲ್ಲಿ ನಸುಕಿನ ಓಟವೆಂಬುದು ಹವ್ಯಾಸವಲ್ಲ, ಜೀವನೋಪಾಯದ ಹುಡುಕಾಟ. ಮಳೆಯನ್ನು ನೆಚ್ಚಿ ಕೂರಲಾಗದ ಈ ನೆಲದಲ್ಲಿ ಮನೆಗೊಂದು ನೌಕರಿ ಬರಬೇಕಾದರೆ ಎದುರಿಗೆ ಕಾಣುವ ದಾರಿಗಳು ಕೆಲವೇ; ಅವುಗಳಲ್ಲಿ ‘ಭರ್ತಿ’ ಮುಖ್ಯವಾದುದು. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರ್ತಿಯ ಮೈದಾನ ಪರೀಕ್ಷೆಯ 50 ಅಂಕಗಳಲ್ಲಿ 20 ಅಂಕ ಒಂದೇ ಓಟದ ಪಾಲು: ಪುರುಷರಿಗೆ 1600 ಮೀಟರು, ಮಹಿಳೆಯರಿಗೆ 800 ಮೀಟರು. ಸೈನ್ಯದ ಭರ್ತಿಯ ಮೈದಾನ ಪರೀಕ್ಷೆಯಲ್ಲಿಯೂ 1.6 ಕಿಲೋಮೀಟರಿನ ಓಟ ಮುಖ್ಯವಾದ ಜರಡಿ. 2022ರಲ್ಲಿ ಅಗ್ನಿಪಥ ಯೋಜನೆ ಜಾರಿಗೆ ಬಂದಾಗ ಗೊತ್ತುಮಾಡಿದ ವಯೋಮಿತಿ 17½ರಿಂದ 21 ವರ್ಷ. ಆ ಒಂದು ವರ್ಷಕ್ಕೆ ಮಾತ್ರ ಅದನ್ನು 23ಕ್ಕೆ ಸಡಿಲಿಸಲಾಯಿತು. ಹೀಗೆ ವಯಸ್ಸು ಬೆನ್ನಟ್ಟುತ್ತಿರುವಾಗ ಬೆನ್ನು ನೋಯತೊಡಗಿದರೆ ಆ ತರುಣನು ಮಾಡುವ ಮೊದಲ ಕೆಲಸ ಅದನ್ನು ಮುಚ್ಚಿಡುವುದು.

ಮುಚ್ಚಿಡುವುದಕ್ಕೆ ಕಾರಣವಿದೆ. ವೈದ್ಯರ ಬಳಿ ಹೋದರೆ ‘ಓಡಬೇಡ’ ಎಂದಾರು. ಚೀಟಿಯಲ್ಲಿ ಏನಾದರೂ ಬರೆದರೆ ಮುಂದೆ ವೈದ್ಯಕೀಯ ತಪಾಸಣೆಯಲ್ಲಿ ಅಡ್ಡಿಯಾದೀತು. ಆದುದರಿಂದ ಔಷಧದಂಗಡಿಯ ನೋವಿನ ಗುಳಿಗೆ, ಸೊಂಟದ ಪಟ್ಟಿ, ಕೊನೆಗೆ ಓಟದ ದಿನ ಒಂದು ಇಂಜೆಕ್ಷನ್. ಈ ಮೂರರಲ್ಲಿ ಯಾವುದೂ ನೋವಿನ ಮೂಲವನ್ನು ಮುಟ್ಟುವುದಿಲ್ಲ. ದೀರ್ಘಕಾಲದ ಸೊಂಟನೋವಿನ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿಯು ಸೊಂಟದ ಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯ ಉಪಚಾರವಾಗಿ ಬಳಸಬಾರದೆಂದು ಹೇಳಿ, ವ್ಯಾಯಾಮಕ್ಕೂ ರೋಗಿಯ ತಿಳಿವಳಿಕೆಗೂ ಒತ್ತು ಕೊಟ್ಟಿದೆ. ಬಿಸಿಲಲ್ಲಿ ಬೆವರಿ ಮೈಯ ನೀರು ಬತ್ತಿದಾಗ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ ಎಂಬುದನ್ನು ಬೇಸಿಗೆಯ ಜತ್ತದಲ್ಲಿ ಮರೆಯಲಾಗದು.

ಹಾಗೆಂದು ಹಾಸಿಗೆ ಹಿಡಿಯುವುದೂ ಮದ್ದಲ್ಲ. ಹಳೆಯ ತಲೆಮಾರಿನ ‘ಅಲುಗಾಡದೆ ಮಲಗು’ ಎಂಬ ಸಲಹೆಯನ್ನು ವೈದ್ಯಶಾಸ್ತ್ರವು ಕೈಬಿಟ್ಟು ಬಹಳ ಕಾಲವಾಯಿತು. ಹೊಸದಾಗಿ ಬಂದ ಸೊಂಟನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಸಹಿಸಬಲ್ಲಷ್ಟು ನಡೆದಾಡುತ್ತಿದ್ದವರು ಬೇಗ ಚೇತರಿಸಿಕೊಳ್ಳುತ್ತಾರೆ. ಎಂ.ಆರ್.ಐ. ಚಿತ್ರದಲ್ಲಿ ‘ಡಿಸ್ಕ್ ಸವೆದಿದೆ’ ಎಂದು ಕಂಡೊಡನೆ ಕೈಚೆಲ್ಲುವುದೂ ಅವಸರವೇ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 20ರ ಹರೆಯದವರಲ್ಲಿಯೂ ಶೇ. 37ರಷ್ಟು ಮಂದಿಗೆ ಅಂಥ ಸವೆತ ಕಾಣುತ್ತದೆ. ಅಂದರೆ ಚಿತ್ರ ಬೇರೆ, ನೋವು ಬೇರೆ.

ಹಾಗಾದರೆ ನೋವು ಎಲ್ಲಿಂದ ಬಂತು? ಹೆಚ್ಚಿನ ಸಂದರ್ಭಗಳಲ್ಲಿ ಓಟದಿಂದಲ್ಲ, ಓಟದ ಆತುರದಿಂದ. ಓಡುವಾಗ ಪ್ರತಿ ಹೆಜ್ಜೆಗೂ ನೆಲವು ಮೈತೂಕದ ಎರಡು ಮೂರು ಪಟ್ಟು ಬಲದಿಂದ ಮರುತಾಗುತ್ತದೆ. 1600 ಮೀಟರಿನಲ್ಲಿ ಅಂಥ ಹೆಜ್ಜೆಗಳು 900ಕ್ಕೂ ಹೆಚ್ಚು. ಮೆಲ್ಲನೆ ರೂಢಿಸಿದರೆ ಮೂಳೆ ಸ್ನಾಯುಗಳು ಈ ಹೊರೆಗೆ ಹೊಂದಿಕೊಂಡು ಗಟ್ಟಿಯಾಗುತ್ತವೆ. ಜಾಹೀರಾತು ಬಂದ ಮರುದಿನವೇ ದೂರವನ್ನೂ ವೇಗವನ್ನೂ ಒಟ್ಟಿಗೆ ಇಮ್ಮಡಿಗೊಳಿಸಿದರೆ ಹೊಂದಿಕೊಳ್ಳಲು ಅವಕಾಶವೆಲ್ಲಿ? ಅದರ ಮೇಲೆ ಹಗಲೆಲ್ಲ ದ್ರಾಕ್ಷಿ, ದಾಳಿಂಬೆ ತೋಟದ ಬಗ್ಗು ಕೆಲಸ, ಕಬ್ಬಿನ ಹೊರೆ. ಪಟ್ಟಣದ ಓಟಗಾರರಿಗಾಗಿ ಬರೆದ ಸಲಹೆಗಳು ದಿನವಿಡೀ ಕುರ್ಚಿಯಲ್ಲಿ ಕೂತವನನ್ನು ಕಲ್ಪಿಸಿಕೊಂಡಿರುತ್ತವೆ. ಈ ಸೀಮೆಯ ತರುಣನ ಸೊಂಟವಾದರೋ ಓಟಕ್ಕೆ ಮೊದಲೂ ಆಮೇಲೂ ದುಡಿದಿರುತ್ತದೆ. ಅವನ ಲೆಕ್ಕದಲ್ಲಿ ಹೊರೆ ಎತ್ತಿದ ದಿನವೂ ಕಠಿಣ ಅಭ್ಯಾಸದ ದಿನವೇ. ಅಂದು ಜೋರಿನ ಓಟ ಸಲ್ಲದು. ನೋವು ಬಂದಮೇಲೆ ಮೊದಲು ನಡಿಗೆ, ಬಳಿಕ ನಡಿಗೆ-ಓಟಗಳ ಬೆರಕೆ, ಡಾಂಬರು ಬಿಟ್ಟು ಸಮನಾದ ಮಣ್ಣಿನ ದಾರಿ, ಪೃಷ್ಠ ಹಾಗೂ ಹೊಟ್ಟೆಯ ಸ್ನಾಯುಗಳಿಗೆ ಸೇತುಬಂಧಾಸನ, ಪ್ಲ್ಯಾಂಕ್‌ನಂಥ ಅಭ್ಯಾಸ. ಇಷ್ಟಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಗಡುವು ಹತ್ತಿರ ಬಂದವನಿಗೆ ದುಡ್ಡಿಗಿಂತ ತುಟ್ಟಿಯಾದುದು ಅದೇ ಎಂಬುದೂ ನಿಜ.

ಇಲ್ಲಿಯವರೆಗಿನದು ವೈದ್ಯರ ಮಾತು. ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಕೆಲಸವಿರುವುದು ಆ ತರುಣನು ಕಡೆಗೊಮ್ಮೆ ಸಾಂಗಲಿಗೋ ಮಿರಜಿಗೋ ಹೋಗಿ ವೈದ್ಯರ ಮುಂದೆ ಕುಳಿತ ಗಳಿಗೆಯಲ್ಲಿ. ಅವನ ಮನೆಮಾತಿನಲ್ಲಿ ನೋವಿಗೆ ಒಂದೇ ಹೆಸರಿಲ್ಲ. ಟೊಂಕ ಹಿಡಿಯುವುದು ಬೇರೆ, ಚಳಕು ಹೊಡೆಯುವುದು ಬೇರೆ. ಕಾಲಿಗೆ ಸೆಳೆತ ಇಳಿಯುವುದು, ಪಾದ ಜೋಮು ಹಿಡಿಯುವುದು, ನಡ ಉಳುಕುವುದು ಎಲ್ಲವೂ ಬೇರೆ ಬೇರೆ. ಇವು ಬರಿಯ ಪರ್ಯಾಯಪದಗಳಲ್ಲ. ಹಿಡಿತ ಸ್ನಾಯುವಿನ ಕಡೆ ಬೆರಳು ಮಾಡಿದರೆ, ಕಾಲಿಗಿಳಿಯುವ ಸೆಳೆತವೂ ಜೋಮೂ ನರದ ಕಡೆ ಬೆರಳು ಮಾಡುತ್ತವೆ. ಮರಾಠಿಯಲ್ಲಿಯೂ ಇಷ್ಟೇ ಸೂಕ್ಷ್ಮವಾದ ಮಾತುಗಳಿವೆ. ಆದರೆ ಶಾಲೆಯ ಹಾಗೂ ಕಚೇರಿಯ ಮರಾಠಿಯನ್ನಷ್ಟೇ ಬಲ್ಲವನಿಗೆ ಅವು ಒದಗುವುದಿಲ್ಲ. ‘ಕಂಬರ ದುಖತೆ’ ಎಂದು ಹೇಳಿ ಅವನು ಸುಮ್ಮನಾಗುತ್ತಾನೆ. ರೋಗನಿರ್ಣಯದ ಅರ್ಧಭಾಗ ಅವನ ನಾಲಿಗೆಯಲ್ಲೇ ಉಳಿದುಹೋಗುತ್ತದೆ. ಗಡಿಭಾಗದ ಭಾಷಾಪ್ರಶ್ನೆಯನ್ನು ನಕಾಶೆಯಲ್ಲಿ ಮಾತ್ರ ಹುಡುಕುವವರಿಗೆ ಇದು ಕಾಣುವಂಥದಲ್ಲ.

ಆಡುನುಡಿಯ ಪದಸಂಗ್ರಹವು ಕನ್ನಡ ವಿಭಾಗಗಳಿಗೆ ಹೊಸತೇನೂ ಅಲ್ಲ. ಬೇಸಾಯ, ನೇಕಾರಿಕೆ, ಕಮ್ಮಾರಿಕೆಗಳ ಪದಗಳನ್ನು ವಿದ್ಯಾರ್ಥಿಗಳು ಕಿರುಪ್ರಬಂಧಕ್ಕೆಂದು ಕೂಡಿಹಾಕುವುದುಂಟು. ಅವುಗಳಲ್ಲಿ ಬಹಳಷ್ಟು ಕಪಾಟು ಸೇರುವುದೂ ಉಂಟು. ನೋವಿನ ಪದಗಳನ್ನು ಕೂಡಿಸಿ, ಪಕ್ಕದಲ್ಲಿ ಮರಾಠಿಯ ಸಮಾನಪದವನ್ನು ಬರೆದು, ಒಬ್ಬ ವೈದ್ಯರಿಂದ ತಿದ್ದಿಸಿದ ಒಂದೇ ಪುಟವಾದರೂ ಸಾಕು. ಅದು ಕಪಾಟಿನಲ್ಲಿ ಕೂರಲಾರದು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಗೋಡೆಗೂ ಊರ ತಾಲೀಮಿನ ಬಾಗಿಲಿಗೂ ಅಂಟುತ್ತದೆ. ಅದರ ತಲೆಯಲ್ಲಿ ದಪ್ಪಕ್ಷರದಲ್ಲಿ ಇರಬೇಕಾದುವು ಕೆಲವು. ತೊಡೆಗಳ ನಡುವಿನ ಭಾಗ ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆ. ನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರು. ಹರೆಯದವರಲ್ಲಿ ಹಿಂದಕ್ಕೆ ಬಾಗಿದಾಗ ಒಂದೇ ಬದಿಗೆ ಚುಚ್ಚಿದರೆ ಬೆನ್ನೆಲುಬಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಆಗ ಓಟವನ್ನು ನಿಜವಾಗಿಯೂ ನಿಲ್ಲಿಸಬೇಕು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದಿದ್ದು, ಓಡಾಡಿದಂತೆ ಸಡಿಲವಾಗುತ್ತ, ಹೀಗೆ ಮೂರು ತಿಂಗಳು ಕಳೆದರೆ ಅದು ಕೀಲುವಾತದ ಸೂಚನೆಯಾಗಿರಬಹುದು. ಈ ‘ಸೆಟೆಯುವುದು’ ಎಂಬುದಕ್ಕೆ ಉಮದಿಯ ಕಡೆ ಏನೆನ್ನುತ್ತಾರೆ, ಬಿಳೂರಿನ ಕಡೆ ಏನೆನ್ನುತ್ತಾರೆ ಎಂಬುದನ್ನು ಅಲ್ಲಿಗೇ ಹೋಗಿ ಕೇಳಿ ಬರೆದುಕೊಳ್ಳಬೇಕು.