ಯಕೃತ್ತಿನ ರೋಗ: ಅಪವಾದ ಬೇಡ, ಪರೀಕ್ಷೆ ಬೇಕು

ಯಕೃತ್ತು, ಅಂದರೆ ಲಿವರ್, ಕೆಟ್ಟಿತೆಂದರೆ "ಕುಡುಕನಿರಬೇಕು" ಎಂದು ತೀರ್ಪು ಕೊಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ತೀರ್ಪಿಗೆ ಹೆದರಿ ಎಷ್ಟೋ ಕಾರ್ಮಿಕರೂ ಅಂಗಡಿಕಾರರೂ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆ ಒಳಗೇ ಬೆಳೆಯುತ್ತದೆ. ಮೊದಲು ಈ ಅಪವಾದ ತೊಲಗಬೇಕೆಂಬುದು ನಮ್ಮ ಅಭಿಪ್ರಾಯ.

ಮದ್ಯ ಯಕೃತ್ತಿನ ವೈರಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದೊಂದೇ ವೈರಿಯಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಒಬ್ಬರಿಗೆ ಬಳಸಿದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ, ತಾಯಿಯಿಂದ ಮಗುವಿಗೆ, ಹೀಗೆ ಹಲವು ದಾರಿಗಳಲ್ಲಿ ಬರುತ್ತವೆ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರು ಒಂದು ತೊಟ್ಟು ಮುಟ್ಟದಿದ್ದರೂ ಅವರ ಯಕೃತ್ತಿನಲ್ಲಿ ಕೊಬ್ಬು ಸೇರಬಹುದು. ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಗಾಯವಾಗಿ ಮಾಯುತ್ತ ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಕಾಮಾಲೆ, ಕಾಲಿನ ಬಾವು, ಹೊಟ್ಟೆಯ ನೀರು ಕಾಣಿಸಿಕೊಳ್ಳುವುದು ಬಹಳ ತಡವಾಗಿ.

ಬೇಗ ತಿಳಿದರೆ ತಡೆಯಬಹುದು. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಸಿ ವೈರಸ್ ಗುಣವಾಗುತ್ತದೆ. ಬಿ ವೈರಸ್ಸನ್ನು ಹತೋಟಿಯಲ್ಲಿಡಲು ಮಾತ್ರೆಯಿದೆ, ಬಾರದಂತೆ ತಡೆಯಲು ಲಸಿಕೆಯಿದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಇವೆರಡರ ಪರೀಕ್ಷೆಯೂ ಔಷಧವೂ ಉಚಿತ.

ರೋಗವಿರುವವರು ಮದ್ಯವನ್ನು ಪೂರ್ತಿ ಬಿಡಬೇಕು. ನಿತ್ಯ ಕುಡಿಯುತ್ತಿದ್ದವರು ವೈದ್ಯರ ನೆರವಿನಿಂದ ಬಿಡಬೇಕು. ಮೈಕೈ ನೋವಿಗೆಂದು ಕೇಳಿದ ಮಾತ್ರೆ, ಹೆಸರಿಲ್ಲದ ಪುಡಿ ನುಂಗಬಾರದು. ಹೊಟ್ಟೆಯಲ್ಲಿ ನೀರು ಸೇರಿದವರಿಗೆ ಉಪ್ಪಿನಕಾಯಿ, ಹಪ್ಪಳ ಸಲ್ಲದು. ಪಥ್ಯವೆಂದು ಬರಿ ಗಂಜಿ ಕುಡಿದು ಸೊರಗುವುದೂ ತಪ್ಪು. ಬೇಳೆ, ಕಾಳು, ಮೊಸರು, ಮೊಟ್ಟೆ ಬೇಕು. ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ರಕ್ತವಾಂತಿ, ಕಪ್ಪು ಮಲ, ಬುದ್ಧಿಮಂಕು ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಆದರೆ ಉಪದೇಶ ಮಾಡುವುದು ಸುಲಭ. ಪಾಳಿ ತಪ್ಪಿದರೆ ಕೂಲಿ ತಪ್ಪುವವನು, ಬಾಗಿಲು ಹಾಕಿದರೆ ಗಿರಾಕಿ ತಪ್ಪುವವನು ಪರೀಕ್ಷೆಗೆ ಹೋಗುವುದು ಯಾವಾಗ? ಇ.ಎಸ್.ಐ.ನ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ಸೇರಿದೆ. ನಿಗದಿಯಾದಷ್ಟು ಕಾಲ ವಂತಿಗೆ ಸಲ್ಲಿಸಿದ ಕಾರ್ಮಿಕನಿಗೆ ಕೂಲಿಯ ಶೇಕಡ 80ರಷ್ಟು ಭತ್ಯೆ ಸಲ್ಲಬೇಕು. ಇದು ಯಾರ ದಾನವೂ ಅಲ್ಲ, ದುಡಿದವನ ಹಕ್ಕು. ಒಬ್ಬನೇ ಅಂಗಡಿ ನಡೆಸುವ ಸಣ್ಣ ವ್ಯಾಪಾರಿಗೆ ಅದೂ ಇಲ್ಲ!

ಮದ್ಯದ ಸುಂಕವನ್ನು ಬೊಕ್ಕಸಕ್ಕೆ ತುಂಬಿಕೊಳ್ಳುವ ಸರ್ಕಾರ ಅದರಲ್ಲೊಂದು ಪಾಲನ್ನು ಯಕೃತ್ತಿನ ಪರೀಕ್ಷೆಗೆಂದು ತೆಗೆದಿಡಲಿ. ಪರೀಕ್ಷೆ ಗಿರಣಿಯ ಬಾಗಿಲಿಗೂ ಸಂತೆಯ ಬಯಲಿಗೂ ಬರಲಿ. ಪರೀಕ್ಷೆಯ ದಿನದ ಕೂಲಿಯನ್ನು ಮಾಲಿಕರು ಹಿಡಿಯದಿರಲಿ. ಕಾರ್ಮಿಕ ಸಂಘಗಳೂ ವರ್ತಕ ಸಂಘಗಳೂ ಒಂದಾಗಿ ಈ ಬೇಡಿಕೆಯನ್ನು ಮುಂದಿಡಬೇಕೆಂದು ನಾವು ಒತ್ತಾಯಿಸುತ್ತೇವೆ.