ಎತ್ತಿನ ಹಲ್ಲು, ಕಾರಿನ ಸದ್ದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತನು ಅದರ ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲನ್ನೆಣಿಸುತ್ತಾನೆ, ಹೆಗಲನ್ನೊತ್ತಿ ನೋಡುತ್ತಾನೆ, ಹತ್ತು ಮಾರು ನಡೆಸಿ ಹೆಜ್ಜೆಯನ್ನು ಪರೀಕ್ಷಿಸುತ್ತಾನೆ. ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತಾಡುವುದು ಆಮೇಲಿನ ಕೆಲಸ. ಆ ರೈತನ ಮೊಮ್ಮಗನು ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು ಹಳೆಯ ಕಾರೊಂದನ್ನು ಕೊಳ್ಳಹೊರಟಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಅವನು ಮೊದಲು ನೋಡುವುದು ಬಣ್ಣವನ್ನು, ಅನಂತರ ಬೆಲೆಯನ್ನು. ಹಲ್ಲು ನೋಡುವ ಹೊತ್ತಿಗೆ ಮುಂಗಡ ಕೈಬಿಟ್ಟಿರುತ್ತದೆ.

ಗಾತ್ರದಲ್ಲಿ ಪುಟ್ಟದಾಗಿದ್ದು ಓಟದಲ್ಲಿ ಚುರುಕಾದ ಕಾರುಗಳ ವಿಷಯದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಎಂಬ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿನಲ್ಲಿ 1,197 ಸಿ.ಸಿ.ಯ ಟರ್ಬೋ ಪೆಟ್ರೋಲ್ ಎಂಜಿನ್ನು, 105 ಅಶ್ವಶಕ್ತಿ, ಏಳು ಗೇರುಗಳ ಜೋಡಿ ಕ್ಲಚ್ಚಿನ ಸ್ವಯಂಚಾಲಿತ ಗೇರುಪೆಟ್ಟಿಗೆ ಇದ್ದವು. 2020ರಲ್ಲಿ ಮೂರು ಸಿಲಿಂಡರಿನ 999 ಸಿ.ಸಿ.ಯ ಎಂಜಿನ್ನು ಅದರ ಸ್ಥಾನವನ್ನು ಪಡೆಯಿತು. 2022ರಲ್ಲಿ ಚಾಕಣದ ಕಾರ್ಖಾನೆಯಲ್ಲಿ ಪೋಲೋ ತಯಾರಿಕೆಯೇ ನಿಂತುಹೋಯಿತು. ಹೊಸದು ಸಿಗದ ವಸ್ತುವಿನ ಮೇಲೆ ಮೋಹ ಹೆಚ್ಚುವುದು ಲೋಕದ ರೂಢಿ.

ಕಾರು ಒಳ್ಳೆಯದೇ. ಆದರೆ ಮೆಲ್ಲನೆ ಓಡಿಸಲೆಂದು ಯಾರೂ ಇಂಥ ಕಾರನ್ನು ಕೊಳ್ಳುವುದಿಲ್ಲ. ಆದುದರಿಂದ ಎರಡನೆಯ ಯಜಮಾನನು ಕಬ್ಬಿಣದ ಜೊತೆಗೆ ಮೊದಲನೆಯವನ ಅಭ್ಯಾಸಗಳನ್ನೂ ಹಣ ತೆತ್ತು ಮನೆಗೆ ತರುತ್ತಾನೆ. ಆ ಅಭ್ಯಾಸಗಳು ಎಂಥವೆಂಬುದನ್ನು ಮಾರುವವನು ಹೇಳದಿದ್ದರೂ ಯಂತ್ರವು ಹೇಳುತ್ತದೆ.

ಕಾರನ್ನು ನೋಡಲು ಬೆಳಗಿನ ಹೊತ್ತು ಪ್ರಶಸ್ತ. ಎಂಜಿನ್ನು ರಾತ್ರಿಯೆಲ್ಲ ತಣ್ಣಗಿದ್ದಿರಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡುವುದು ಜಾಣತನ. ಅದು ಆಗಲೇ ಬಿಸಿಯಾಗಿದ್ದರೆ, ತಣ್ಣನೆಯ ಎಂಜಿನ್ನು ಹೊರಡಿಸುವ ಸದ್ದನ್ನು ಕೇಳಿಸಬಾರದೆಂದು ಯಾರೋ ಮುಂಜಾಗ್ರತೆ ವಹಿಸಿರಬಹುದು. ಇನ್ನೊಂದು ದಿನ ಬರುವುದೇ ಲೇಸು. 1.2 ಟಿ.ಎಸ್.ಐ. ಎಂಜಿನ್ನಿನ ಹಳೆಯ ಮಾದರಿಯಲ್ಲಿ ಟೈಮಿಂಗ್ ಚೈನು ಕ್ರಮೇಣ ಸಡಿಲಗೊಳ್ಳುವುದುಂಟು. ಚಾಲೂ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ ಡಬ್ಬಿಯೊಳಗೆ ಮೊಳೆ ಅಲುಗಾಡಿಸಿದಂಥ ಸದ್ದು ಕೇಳಿಬಂದರೆ ಅದು ಎಚ್ಚರಿಕೆ. ಚೈನು ಹಲ್ಲು ತಪ್ಪಿದರೆ ಪಿಸ್ಟನ್ನಿಗೂ ವಾಲ್ವುಗಳಿಗೂ ಘರ್ಷಣೆಯಾಗಿ ಎಂಜಿನ್ನೇ ಹಾಳಾದೀತು.

ಹೊಗೆಗೂ ಭಾಷೆಯುಂಟು. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆಯೆಂದರ್ಥ. ಕರಿಯ ಹೊಗೆ ಅತಿಯಾದ ಪೆಟ್ರೋಲಿನ ಗುರುತು. ಎಂಜಿನ್ನು ಕಾದಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ಕೂಲಂಟು ಒಳಗೆ ಸೋರುತ್ತಿರಬಹುದು. ಎಣ್ಣೆ ತುಂಬುವ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ಗಸಿ ಕಂಡರೂ ಇದೇ ಸಂಶಯ ಬಲವಾಗುತ್ತದೆ. ಕೂಲಂಟಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ತೆರೆಯಬಾರದು. ಒತ್ತಡದಿಂದ ಚಿಮ್ಮುವ ಕುದಿನೀರು ಮುಖವನ್ನು ಸುಟ್ಟೀತು.

ಇನ್ನು ಟರ್ಬೋ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತಬಲ್ಲ ಈ ಪುಟ್ಟ ಚಕ್ರಕ್ಕೆ ಎಂಜಿನ್ನಿನ ಎಣ್ಣೆಯೇ ಪ್ರಾಣ. ಎಣ್ಣೆ ಬದಲಿಸುವುದನ್ನು ಮುಂದೂಡುತ್ತ ಬಂದವನ ಕಾರಿನಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಇದೂ ಒಂದು. ವೇಗ ಹೆಚ್ಚಿಸಿದಾಗ ಸೈರನ್ನಿನಂಥ ಕೂಗು, ಎಳೆತದಲ್ಲಿ ಸೊರಗು, ಕೊಳವೆಗಳ ಸಂದುಗಳಲ್ಲಿ ಎಣ್ಣೆಯ ಜಿಡ್ಡು, ಇವುಗಳಲ್ಲಿ ಯಾವುದೊಂದು ಕಂಡರೂ ಸರ್ವಿಸಿನ ರಸೀದಿಗಳನ್ನು ಕೇಳಬೇಕು. ರಸೀದಿಯಿಲ್ಲದ ಕಾರು ಜಾತಕವಿಲ್ಲದ ವರನಿದ್ದಂತೆ. ಮಾತು ಎಷ್ಟೇ ಇಂಪಾಗಿದ್ದರೂ ಹಿರಿಯರು ವಿಚಾರಿಸದೆ ಮುಂದುವರಿಯರು.

ಎಲ್ಲಕ್ಕಿಂತ ಹೆಚ್ಚಿನ ವೆಚ್ಚಕ್ಕೆ ಗುರಿಮಾಡುವುದು ಗೇರುಪೆಟ್ಟಿಗೆ. ಅದರ ಎರಡು ಒಣ ಕ್ಲಚ್ಚುಗಳಲ್ಲಿ ಒಂದು ಬೆಸಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮಸಂಖ್ಯೆಯವನ್ನೂ ಹಿಂದಕ್ಕೆ ಚಲಿಸುವ ಗೇರನ್ನೂ ನಡೆಸುತ್ತದೆ. ಬಯಲ ರಸ್ತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಬೆಂಗಳೂರಿನ ವಾಹನಗಳ ಸಾಲಿನಲ್ಲಿ ಇಂಚಿಂಚಾಗಿ ತೆವಳುವಾಗ ಕ್ಲಚ್ಚು ಕಾದು ಸವೆಯುತ್ತದೆ. ಆದುದರಿಂದ ಇಂಥ ಕಾರನ್ನು ಖಾಲಿ ರಸ್ತೆಯಲ್ಲಿ ಪರೀಕ್ಷಿಸಿದರೆ ಸಾಲದು. ದಟ್ಟಣೆಯಲ್ಲಿಯೂ ದಿಣ್ಣೆಯ ಮೇಲೆಯೂ ಅರ್ಧ ಗಂಟೆಯಾದರೂ ಓಡಿಸಬೇಕು. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ನಡುಕ, ಹಿಂದಕ್ಕೆ ತೆಗೆಯುವಾಗ ಕುಲುಕಾಟ, ಗೇರಿನ ಸೂಚಕ ಮಿಟುಕುವುದು, ಇವು ಶುಭಶಕುನಗಳಲ್ಲ. ಗೇರುಗಳನ್ನು ಬದಲಿಸುವ ಮೆಕಟ್ರಾನಿಕ್ ಎಂಬ ಭಾಗವೇ ಕೆಟ್ಟಿದ್ದರೆ ರಿಪೇರಿಯ ಖರ್ಚು ಲಕ್ಷ ರೂಪಾಯಿಯನ್ನು ದಾಟಬಹುದು.

ಇದಕ್ಕೆ ಸೇರಿದ ಇನ್ನೊಂದು ಗುಟ್ಟುಂಟು. ಕಾರ್ಖಾನೆಯಿಂದ ಬಂದ ಶಕ್ತಿ ಸಾಲದೆಂದು ಎಂಜಿನ್ನಿನ ಗಣಕದ ಲೆಕ್ಕಾಚಾರವನ್ನೇ ಬದಲಾಯಿಸಿ ಓಡಿಸುವ ತರುಣರಿದ್ದಾರೆ. ಈ ಗೇರುಪೆಟ್ಟಿಗೆಯನ್ನು ರೂಪಿಸಿರುವುದು 250 ನ್ಯೂಟನ್ ಮೀಟರಿನವರೆಗಿನ ತಿರುಚುಬಲಕ್ಕೆ. ಎಂಜಿನ್ನಿನ ಸಹಜ ಬಲ 175. ನಡುವಣ ಅಂತರವು ಯಂತ್ರದ ಆಯುಸ್ಸಿಗೆ ರಕ್ಷೆ. ಅದನ್ನು ತಿಂದುಹಾಕಿ, ಮಾರುವ ಮುನ್ನ ಹಳೆಯ ಲೆಕ್ಕವನ್ನೇ ಮರಳಿ ಕೂಡಿಸಿಟ್ಟರೆ ಮೇಲುನೋಟಕ್ಕೆ ಏನೂ ತಿಳಿಯದು. ಡ್ಯಾಷ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿ ನೋಡಬಲ್ಲ ಮೆಕ್ಯಾನಿಕ್ಕಿಗೆ ಕೆಲವು ಕುರುಹುಗಳು ದೊರೆಯಬಹುದು. ದೋಷದ ದಾಖಲೆಗಳನ್ನು ಇತ್ತೀಚೆಗೆ ಅಳಿಸಿದ್ದರೆ ಅದೂ ಸಾಮಾನ್ಯವಾಗಿ ಅವನಿಗೆ ತಿಳಿಯುತ್ತದೆ.

ಟೈರುಗಳೂ ಸಾಕ್ಷಿ ಹೇಳುತ್ತವೆ. ಅವುಗಳ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದರೆ 2019ನೆಯ ಇಸವಿಯ 23ನೆಯ ವಾರ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ, ಇಲ್ಲವೆ ಸಸ್ಪೆನ್ಷನ್ನು ಪೆಟ್ಟು ತಿಂದಿದೆ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕೆತ್ತಿದ್ದು, ಎರಡು ಬದಿಯ ಸಂದುಗಳ ಅಗಲ ಒಂದೇ ಸಮನಾಗಿಲ್ಲದಿದ್ದರೆ ಹಿಂದೊಮ್ಮೆ ಅಪಘಾತವಾಗಿತ್ತೇ ಎಂದು ನೇರವಾಗಿ ಕೇಳಬೇಕು. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿರುವಾಗ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ ಎರಡರಲ್ಲಿ ಯಾವುದನ್ನು ನಂಬಬೇಕೆಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾರುವವನಿಗೆ ಅವಮಾನವಾದೀತೆಂದು ಕೆಲವರು ಸಂಕೋಚಪಡುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಕಾರನ್ನು ಜೋಪಾನವಾಗಿ ನೋಡಿಕೊಂಡವನು ತೋರಿಸಲು ಹಿಂಜರಿಯುವುದಿಲ್ಲ. ಸ್ವತಂತ್ರ ಮೆಕ್ಯಾನಿಕ್ಕನಿಂದ ತಪಾಸಣೆ ಬೇಡವೆನ್ನುವವನು ತಾನಾಗಿಯೇ ಉತ್ತರ ಕೊಟ್ಟಂತಾಯಿತು. ತೆರುವ ಹಣ ಮಗನ ಮೂರು ವರ್ಷದ ಉಳಿತಾಯವಾಗಿರಬಹುದು, ತಂದೆಯ ನಿವೃತ್ತಿಯ ಹಣದ ಒಂದು ಪಾಲೂ ಆಗಿರಬಹುದು. ಅದಕ್ಕಿಂತ ಮಿಗಿಲಾಗಿ, ಆ ಕಾರಿನ ಹಿಂದಿನ ಸೀಟಿನಲ್ಲಿ ನಾಳೆ ತಾಯಿ ಕುಳಿತಿರುತ್ತಾಳೆ.

ರೈತನು ಜಾತ್ರೆಗೆ ಹೋಗುವಾಗ ಹೊಸ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡೇ ಹೋಗುತ್ತಾನೆ. ಮನಸ್ಸಿಗೆ ಒಪ್ಪುವ ಎತ್ತು ಸಿಗದಿದ್ದರೆ ಅದೇ ಹಗ್ಗದೊಡನೆ ಹಿಂದಿರುಗುತ್ತಾನೆ. ಊರಿನಲ್ಲಿ ಅವನನ್ನು ನೋಡಿ ಯಾರೂ ನಗುವುದಿಲ್ಲ. ಕುಂಟೆತ್ತನ್ನು ಹಿಡಿದು ತಂದವನನ್ನು ನೋಡಿ ನಗುತ್ತಾರೆ.