ಕಸದ ಗುಡ್ಡೆಯ ಮಣ್ಣು ಹೊಲಕ್ಕೆ ಹೇರುವ ಮುನ್ನ ಇದನ್ನು ಓದಿರಿ!

ದೇವರ ಹಿಪ್ಪರಗಿ ಹಾಗೂ ಸುತ್ತಲಿನ ಹಳ್ಳಿಗಳ ರೈತ ಬಾಂಧವರೇ, ತಾಯಂದಿರೇ, ಗುಜರಿ ಅಂಗಡಿಯ ಅಣ್ಣಂದಿರೇ,

ದನ ಕಡಿಮೆಯಾದವು, ಕೊಟ್ಟಿಗೆ ಗೊಬ್ಬರ ತುಟ್ಟಿಯಾಯಿತು. ಊರ ಕಸ ಸುರಿಯುವ ಜಾಗದ ಕರಿ ಮಣ್ಣು ಅಗ್ಗಕ್ಕೆ ಸಿಕ್ಕರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ನಮ್ಮ ಅಜ್ಜಂದಿರ ತಿಪ್ಪೆಯೇ ಬೇರೆ, ಈಗಿನ ಕಸವೇ ಬೇರೆ. ಯಾವ ಕಸದ ಗುಡ್ಡೆಯನ್ನಾದರೂ ಕೋಲಿನಿಂದ ಕೆದಕಿ ನೋಡಿರಿ: ರಿಮೋಟಿನ ಸೆಲ್ಲು, ಒಡೆದ ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಕೆಟ್ಟ ಚಾರ್ಜರು, ತಾಮ್ರಕ್ಕಾಗಿ ಸುಟ್ಟ ವೈರಿನ ಬೂದಿ. ಸೀಸ, ಕ್ಯಾಡ್ಮಿಯಂ, ಪಾದರಸ ಮಣ್ಣಿಗೆ ಇಳಿಯುವುದು ಇಂಥವುಗಳಿಂದಲೇ. ಕಾಯಿಪಲ್ಲೆ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಬೆಂಕಿ ಹಚ್ಚಿದರೆ ಪಾದರಸ ಗಾಳಿಗೆ ಸೇರುತ್ತದೆ, ಸೀಸ ಬೂದಿಯಲ್ಲಿ ಉಳಿದು ದೂಳಿನ ಜೊತೆ ಹಾರುತ್ತದೆ.

ನಮ್ಮದು ಎರಿ ಭೂಮಿ. ಇದರ ಜಿಗುಟು, ಸುಣ್ಣದ ಅಂಶ ಸೀಸವನ್ನು ಮೇಲ್ಪದರದಲ್ಲೇ ಹಿಡಿದಿಡುತ್ತವೆ. ಒಮ್ಮೆ ಸೇರಿದ್ದು ಮೊಮ್ಮಕ್ಕಳ ಕಾಲಕ್ಕೂ ಹೋಗದು. ಆದರೆ ಬೇಸಿಗೆಯಲ್ಲಿ ಇದೇ ಎರಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆಗೆ ಕಸದಿಂದ ಬಸಿದ ರಸ ಆ ಬಿರುಕಿನಲ್ಲೇ ಕೆಳಗಿಳಿಯುತ್ತದೆ. ಪಾಲಕದಂಥ ಸೊಪ್ಪು ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ. ಅದು ಕೆಡಿಸುವುದು ಮೂತ್ರಪಿಂಡವನ್ನು. ಸೀಸ ಮಕ್ಕಳ ಮಿದುಳಿಗೇ ಕೈ ಹಾಕುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನವರು ಬೀದಿಗಿಳಿದ ಮೇಲೆಯೇ ಅಲ್ಲಿ ಕಸದ ಲಾರಿ ನಿಂತದ್ದು. ಅಷ್ಟರಲ್ಲಿ ನೆಲ, ನೀರು ಕೆಟ್ಟಾಗಿತ್ತು. ನಾವು ಅಷ್ಟು ದಿನ ಕಾಯುವುದು ಬೇಡ.

ನಮ್ಮೂರ ಮಣ್ಣಿನಲ್ಲಿ ವಿಷವಿದೆ ಎಂದು ಹೆದರಿಸಲು ಈ ಕರಪತ್ರ ಅಚ್ಚು ಹಾಕಿಸಿಲ್ಲ. ಪರೀಕ್ಷೆ ಮಾಡಿಸಿ ಎಂದಷ್ಟೇ ಕೇಳುತ್ತಿದ್ದೇವೆ. ಒಂದು ಮಾತು ಗಮನದಲ್ಲಿರಲಿ: ‘ಮಣ್ಣು ಆರೋಗ್ಯ ಚೀಟಿ’ಯ 12 ಅಂಶಗಳಲ್ಲಿ ಸಾರಜನಕ, ರಂಜಕ, ಸತು ಎಲ್ಲ ಇವೆ, ಸೀಸ, ಕ್ಯಾಡ್ಮಿಯಂ, ಪಾದರಸ ಇಲ್ಲ. ಚೀಟಿ ಚೆನ್ನಾಗಿದೆಯೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಕಿಲೋ ನಗರ ಕಾಂಪೋಸ್ಟಿನಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ ಮೀರಬಾರದು.

ಆದ್ದರಿಂದ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗಳಿಗೆ ಇಂದೇ ಅರ್ಜಿ ಬರೆಯಿರಿ: “ಕಸ ಸುರಿಯುವ ಜಾಗದ ಮಣ್ಣು, ಸುತ್ತಲಿನ ಬಾವಿ ಮತ್ತು ಬೋರ್‌ವೆಲ್ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಎಷ್ಟಿದೆ ಎಂದು ಪರೀಕ್ಷಿಸಿ, ವರದಿಯನ್ನು ಸೂಚನಾ ಫಲಕಕ್ಕೆ ಹಾಕಿರಿ.” ಒಂದು ಪ್ರತಿ ವಿಜಯಪುರದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಹೋಗಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿರಿ. ಉತ್ತರ ಬಾರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಕೇಳಿರಿ. 30 ದಿನದೊಳಗೆ ಉತ್ತರಿಸಲೇಬೇಕು.

ತಾಯಂದಿರೇ, ಸೆಲ್ಲು, ಟ್ಯೂಬು, ಬಣ್ಣದ ಡಬ್ಬಿಯನ್ನು ಹಸಿ ಕಸಕ್ಕೆ ಬೆರೆಸಬೇಡಿರಿ; ಬೇರೆ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿರಿ. ಗಾಡಿಯವರು ಎಲ್ಲ ಒಂದೇ ಕಡೆ ಸುರಿದರೆ ಅಲ್ಲೇ ತಡೆದು ಕೇಳಿರಿ. ಗುಜರಿ ಅಣ್ಣಂದಿರೇ, ವೈರು ಸುಡಬೇಡಿರಿ, ಬ್ಯಾಟರಿ ಒಡೆದು ಆಸಿಡ್ ಚೆಲ್ಲಬೇಡಿರಿ. ಅದರಿಂದೇಳುವ ಸೀಸದ ದೂಳು ಮೊದಲು ಸೇರುವುದು ನಿಮ್ಮ ಮನೆಯ ಮಕ್ಕಳ ಹೊಟ್ಟೆಗೆ.

ಶರಣರ ಬಟ್ಟೆಯ ಮೈಲಿಗೆ ತೊಳೆದ ಮಡಿವಾಳ ಮಾಚಿದೇವರ ಊರು ನಮ್ಮದು. ಅವರ ಹೆಸರಿನಲ್ಲಿ ಮೆರವಣಿಗೆ ಮಾಡುವ ನಾವು ಇಷ್ಟಾದರೂ ಮಾಡೋಣ.

ವರದಿ ಕೈಗೆ ಬರುವ ತನಕ ಕಸದ ಗುಡ್ಡೆಯ ಒಂದು ಬುಟ್ಟಿ ಮಣ್ಣೂ ನಿಮ್ಮ ಹೊಲಕ್ಕೆ ಬೀಳಬಾರದು!

— ಊರಿನ ರೈತರು ಮತ್ತು ನಾಗರಿಕರು